ನಲವತ್ತು ಹುಂಜಗಳ ಅಕ್ಕ

ನನ್ನ ಅಕ್ಕನಿಗೆ ನಾನು ಒಂದು ಮಾತು ಹೇಳಬೇಕಾಗಿತ್ತು, ವರ್ಷಗಟ್ಟಲೆ ಹೇಳಲಿಲ್ಲ. ಕೋಳಿ ಸಾಕುವ ಆಸೆಯಿಂದ ಅವಳು ಮೊಟ್ಟಮೊದಲು ತರಿಸಿಕೊಂಡ ನಲವತ್ತು ಮರಿಗಳನ್ನು ಚಾಮರಾಜನಗರದಿಂದ ತಂದುಕೊಟ್ಟವನು ನಾನೇ. ಅವಳು ಕೇಳಿದ್ದು ಮೊಟ್ಟೆ ಇಡುವ ಹೇಂಟೆ ಮರಿಗಳನ್ನು. ಅಷ್ಟೂ ಗಂಡು ಎಂದು ಮಾರುವವನು ನನ್ನ ಮುಖ ನೋಡಿಯೇ ಹೇಳಿದ್ದ. ನಾನು ಕೇಳಿಸಿಕೊಂಡೆ, ಪೆಟ್ಟಿಗೆಯನ್ನು ಗಾಡಿಗೆ ಏರಿಸಿದೆ, ಅಕ್ಕನ ಕೈಗೆ ಕೊಟ್ಟು ಸುಮ್ಮನೆ ಬಂದೆ. ಮೋಸ ಹೋಗಿ ತಂದದ್ದಲ್ಲ, ಬೇಕೆಂದೇ ತಂದದ್ದು. ಅವಳು ಸೋಲಲಿ, ಸೋತು ಕೋಳಿಯ ಗೀಳು ಬಿಡಲಿ ಎಂದು.

ಈ ಯುಗಾದಿ ಕಳೆದ ಮೇಲೆ ಅಕ್ಕ ಮಂಡಿನೋವು ತಾಳಲಾರದೆ ಕೋಳಿಮನೆಯನ್ನು ಸೊಸೆಗೆ ಒಪ್ಪಿಸಿದಳು. ಎಂಟು ವರ್ಷ ಅದನ್ನು ನಡೆಸಿದಳು. ಭೀಮನಬೀಡಿನ ಸುತ್ತ ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ಕಡಿಮೆ, ‘ಕೋಳಿಯಕ್ಕ’ ಅನ್ನುತ್ತಾರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗೂಡ್ಸ್ ಆಟೋ ಓಡಿಸಿಕೊಂಡಿರುವವನು. ಬರೆಯುವ ಅಭ್ಯಾಸ ಇಲ್ಲ. ಆದರೆ ಅವಳ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ಬರೆಯುವುದಾದರೆ ನನ್ನ ತಪ್ಪಿನಿಂದಲೇ ಶುರು ಮಾಡಬೇಕು.

ನಮ್ಮದು ಲಿಂಗ ಕಟ್ಟುವ ಮನೆ. ಚಂದಕವಾಡಿಯ ನಮ್ಮ ಅಡುಗೆಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುತ್ತಿರಲಿಲ್ಲ. ಪಕ್ಕದ ಬೀದಿಯ ಕೋಳಿ ನಮ್ಮ ಹಿತ್ತಲಿಗೆ ಕಾಲಿಟ್ಟರೆ ಅವ್ವ ಚೊಂಬಿನಲ್ಲಿ ನೀರು ಎರಚಿ ಓಡಿಸುತ್ತಿದ್ದಳು. ಹಸುವಿನ ಹಲ್ಲು ನೋಡಿ ವಯಸ್ಸು ಹೇಳುವವರು ನಮ್ಮಲ್ಲಿ ಇದ್ದರು. ಕೋಳಿಯ ವಿಷಯದಲ್ಲಿ ಮಾತ್ರ, ಬೆಳಿಗ್ಗೆ ಕೂಗುವುದು ಹುಂಜ ಎಂಬಷ್ಟೇ ಇಡೀ ವಂಶದ ತಿಳಿವಳಿಕೆ.

ಅಕ್ಕ ಗಿಡ್ಡ ಮನುಷ್ಯೆ. ಬಲು ಬೇಗ ನಡೆಯುತ್ತಿದ್ದಳು, ಜೊತೆಯಲ್ಲಿ ಹೋಗುವವರು ಓಡಬೇಕಾಗುತ್ತಿತ್ತು. ಯಾರ ಮಾತಿಗೂ ಎದುರಾಡಿದವಳಲ್ಲ. ಎಲ್ಲದಕ್ಕೂ ‘ಊಂ’ ಅನ್ನುತ್ತಿದ್ದಳು, ಆಮೇಲೆ ತನಗೆ ತೋಚಿದ್ದನ್ನೇ ಮಾಡುತ್ತಿದ್ದಳು. ಭೀಮನಬೀಡಿಗೆ ಮದುವೆಯಾಗಿ ಹೋದ ಮೇಲೂ ಅದು ಬದಲಾಗಲಿಲ್ಲ. ಭಾವ ಬಂಡೀಪುರದ ಕಾಡಿನಲ್ಲಿ ವಾಚರ್ ಆಗಿದ್ದರು. ಆನೆಗೆ ಹೆದರದ ಮನುಷ್ಯ ಅಕ್ಕನ ‘ಊಂ’ಗೆ ಹೆದರುತ್ತಿದ್ದರು.

ಭಾವ ನಿವೃತ್ತರಾದ ವರ್ಷ ಅವರ ಕೊಟ್ಟಿಗೆಯಿಂದ ಎರಡನೆಯ ಕರುವನ್ನೂ ಚಿರತೆ ಎತ್ತಿಕೊಂಡು ಹೋಯಿತು. ಅಕ್ಕ ಹಸುವನ್ನು ಮಾರಿಬಿಟ್ಟಳು. ಎರಡು ತಿಂಗಳು ಖಾಲಿ ಕೊಟ್ಟಿಗೆ ನೋಡಿಕೊಂಡು ಕೂತವಳು ಒಂದು ದಿನ ಮಹಿಳಾ ಸಂಘದ ಸಭೆಯಲ್ಲಿ ಪಶುವೈದ್ಯರೊಬ್ಬರು ಕೋಳಿ ಸಾಕಣೆಯ ಬಗ್ಗೆ ಹೇಳಿದ್ದನ್ನು ಕೇಳಿ ಬಂದಳು. ಅವತ್ತೇ ಕೊಟ್ಟಿಗೆಗೆ ಸುಣ್ಣ ಹೊಡೆದಳು.

ಸುದ್ದಿ ಚಂದಕವಾಡಿಗೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಪ್ಪ ಇಲ್ಲದ ಮನೆಗೆ ದೊಡ್ಡಪ್ಪನೇ ಯಜಮಾನ. ಅವರು ಅಕ್ಕನನ್ನು ಕರೆಸಿ ಜಗಲಿಯ ಮೇಲೆ ಕೂರಿಸಿಕೊಂಡರು.

“ಏನವ್ವಾ, ಕೋಳಿ ಸಾಕ್ತಿಯಂತೆ?”

“ಊಂ ದೊಡ್ಡಪ್ಪ.”

“ಲಿಂಗ ಕಟ್ಟಿರೋ ಕತ್ತಲ್ವಾ ಅದು?”

“ಲಿಂಗ ಕತ್ನಲ್ಲಿರ್ತದೆ, ಕೋಳಿ ಇತ್ಲಲ್ಲಿರ್ತದೆ ದೊಡ್ಡಪ್ಪ. ಒಂದ್ಕೊಂದು ಎದುರಾಗದೇ ಇಲ್ವಲ್ಲ.”

“ಮಾತ್ ಕಲ್ತಿದ್ದೀಯ. ಮೊಟ್ಟೆ ಮಾರದು ಅಂದ್ರೆ ಏನಂತ ಗೊತ್ತಾ ನಿಂಗೆ?”

“ಕರೂನ ಕಂಬಕ್ ಕಟ್ಟಿ ಹಾಲ್ ಕರ್ದು ಮಾರ್ತೀವಿ, ಅದು ಪುಣ್ಯ. ನಾನ್ ಕಾಳ್ ಆಕಿ ಮೊಟ್ಟೆ ತಗಂಡ್ರೆ ಪಾಪ್ವಾ?”

ದೊಡ್ಡಪ್ಪ ನನ್ನ ಕಡೆ ತಿರುಗಿದರು. “ನೀನಾರೂ ಏಳ್ಲಾ ನಿಮ್ಮಕ್ಕುಂಗೆ. ಮಗಳ್ಗೆ ಗಂಡ್ ನೋಡ್ತಾ ಇದ್ದೀಯ. ನಾಳೆ ಬೀಗ್ರು ಬಂದು ಕೇಳಿದ್ರೆ ಏನಂತೀಯ?”

ನಾನು ನೆಲ ನೋಡಿದೆ. ಅಕ್ಕ ನನ್ನನ್ನು ನೋಡಿದಳು. ನಾನು ಏನಾದರೂ ಹೇಳುತ್ತೇನೆ ಎಂದು ಕಾದಳು ಅನ್ನಿಸುತ್ತದೆ. ಅಂಥ ಸಮಯದಲ್ಲಿ ನಾನು ಯಾವತ್ತೂ ಏನೂ ಹೇಳಿದವನಲ್ಲ. ಆದರೆ ದೊಡ್ಡಪ್ಪನ ಕೊನೆಯ ಮಾತು ನನ್ನೊಳಗೆ ಕೂತುಬಿಟ್ಟಿತು. ಅದಾಗಿ ಹದಿನೈದು ದಿನಕ್ಕೆ ಅಕ್ಕ ಫೋನ್ ಮಾಡಿ, “ಹೆಂಗೂ ಗುಂಡ್ಲುಪೇಟೆ ಮಾರ್ಕೆಟ್ಗೆ ಬರ್ತಿಯಲ್ಲ, ದಾರೀಲಿ ಚಾಮ್ರಾಜ್ನಗರದಲ್ಲಿ ನಲವತ್ ಹೇಂಟೆಮರಿ ತಗಂಡ್ ಬಂದ್ಬುಡ್ಲಾ, ನಿನ್ನ ಬುಟ್ರೆ ನಂಗ್ಯಾರವ್ರೆ?” ಅಂದಾಗ ಆಗಲ್ಲ ಅನ್ನಲಿಲ್ಲ.

ಸಂತೆಯ ದಿನ ತಮಿಳು ಕಡೆಯವನೊಬ್ಬ ಬೈಕಿನ ಹಿಂದೆ ಬಲೆಯ ಪೆಟ್ಟಿಗೆ ಕಟ್ಟಿಕೊಂಡು ನಿಂತಿದ್ದ. ಒಳಗೆ ಹಳದಿ ಮರಿಗಳು ಕಿಚಿಕಿಚಿ ಅನ್ನುತ್ತಿದ್ದವು. ನಾನು ಹೆಗಲ ವಸ್ತ್ರವನ್ನು ಮುಖಕ್ಕೆ ಎಳೆದುಕೊಂಡು, ನಮ್ಮೂರಿನವರು ಯಾರಾದರೂ ಇದ್ದಾರೋ ಎಂದು ನೋಡಿ, ನಲವತ್ತು ಬೇಕು ಅಂದೆ.

“ಅಣ್ಣಾ, ಎಲ್ಲಾ ಸೇವಲ್. ಗಂಡು,” ಅಂದ ಅವನು. “ಫಾರ್ಮಲ್ಲಿ ಹೆಣ್ಣೆಲ್ಲಾ ಬೇರೆ ಎತ್ಕೊಳ್ತಾರೆ, ಗಂಡು ನಮ್ಗೆ ಕೊಡ್ತಾರೆ. ಮೊಟ್ಟೆ ಇಡಲ್ಲ. ಆಮೇಲ್ ಬಂದು ಜಗಳ ಮಾಡ್ಬಾರ್ದು ನೀವು.”

“ಮಾಡಲ್ಲ. ಕಟ್ಟು,” ಅಂದೆ.

ಅಲ್ಲಿಂದ ಭೀಮನಬೀಡಿನವರೆಗೆ ಗಾಡಿ ಓಡಿಸುವಾಗ ನನಗೆ ಬೇಜಾರೇನೂ ಆಗಲಿಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಾಲ್ಕು ತಿಂಗಳು ಕಾಳು ಹಾಕಿ, ಮೊಟ್ಟೆ ಕಾಣದೆ ಅವಳೇ ಬೇಸತ್ತು ಬಿಡುತ್ತಾಳೆ, ಯಾರೂ ಯಾರಿಗೂ ಕೆಟ್ಟವರಾಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಅಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದು ಮರಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಅವಳ ಜನ್ಮದಲ್ಲಿ ಕೋಳಿಯನ್ನು ಮುಟ್ಟಿದ್ದು ಅದೇ ಮೊದಲು. “ನೋಡ್ರೀ, ನನ್ ತಮ್ಮ ತಂದ್ಕೊಟ್ಟ,” ಎಂದು ಭಾವನಿಗೆ ತೋರಿಸಿದಳು. ಬೇಜಾರು ಆಗ ಶುರುವಾಯಿತು.

ಅವಳು ಸಾಕಿದ ಚಂದ ನೋಡಬೇಕಿತ್ತು. ಮೊದಲ ದಿನ ಬೆಲ್ಲದ ನೀರು, ಆಮೇಲೆ ರಾಗಿ ನುಚ್ಚು. ಬೆಚ್ಚಗಿರಲಿ ಎಂದು ಕೊಟ್ಟಿಗೆಯ ಮೂಲೆಯಲ್ಲಿ ಬಲ್ಬು ಇಳಿಬಿಟ್ಟಳು. ಕೊಕ್ಕರೆ ರೋಗ ಬರದಂತೆ ಪಶು ಆಸ್ಪತ್ರೆಯಿಂದ ಔಷಧಿ ತಂದು ನಲವತ್ತು ಮರಿಗಳ ಕಣ್ಣಿಗೂ ಹನಿ ಬಿಟ್ಟಳು. ಹಳಬರೇ ಹತ್ತಕ್ಕೆ ಮೂರು ಕಳೆದುಕೊಳ್ಳುತ್ತಾರಂತೆ. ಅಕ್ಕನ ಕೈಯಲ್ಲಿ ಒಂದೂ ಸಾಯಲಿಲ್ಲ. ಮೂರನೆಯ ತಿಂಗಳಿಗೆ ಅವು ಬೆಳ್ಳಗೆ ಹಾಲಿನಂತಾದವು, ತಲೆಯ ಮೇಲೆ ಕೆಂಪು ಜುಟ್ಟು ದಪ್ಪವಾಗಿ ಎದ್ದು ನಿಂತಿತು. ಕೋಳಿ ಸಾಕುವ ಯಾವ ಮನೆಯವರೇ ಆದರೂ ಆ ಜುಟ್ಟು ನೋಡಿದ ತಕ್ಷಣ ಗಂಡು ಅನ್ನುತ್ತಿದ್ದರು. ನಮ್ಮ ಅಕ್ಕ, “ಎಷ್ಟ್ ಲಕ್ಷಣ್ವಾಗವೆ ನೋಡು ನನ್ ಹೆಣ್ಮಕ್ಳು,” ಅಂದುಕೊಂಡಳು. ಹಳೆಯ ಮಡಕೆಗಳನ್ನು ಹುಡುಕಿ ತಂದು, ಒಳಗೆ ಮೆತ್ತನೆಯ ಹುಲ್ಲು ಹಾಸಿ, ಮೊಟ್ಟೆ ಇಡಲು ಸಾಲಾಗಿ ಜೋಡಿಸಿದಳು. ದಿನಾ ಬೆಳಿಗ್ಗೆ ಎದ್ದು ಮಡಕೆಗಳೊಳಗೆ ಕೈಹಾಕಿ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಒಂದು ಕೂಗಿತು. ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ವಾರ ತುಂಬುವುದರೊಳಗೆ ನಲವತ್ತೂ ಕೂಗತೊಡಗಿದವು. ಊರಿನ ಆ ಕೊನೆಯವರೂ ಎದ್ದು ಬಂದರು. ಭಾವ ಹಾಸಿಗೆಯಿಂದಲೇ, “ಎದ್ದೇಳೆ, ನಿನ್ ಮೊಟ್ಟೆ ಕೂಗ್ತಾ ಅವೆ,” ಅಂದರಂತೆ.

ಆ ವಾರವೇ ಮಾದಮ್ಮ ಕೇರಳದ ಶುಂಠಿ ಕೆಲಸ ಮುಗಿಸಿಕೊಂಡು ಊರಿಗೆ ಬಂದಿದ್ದಳು. ಮಾದಮ್ಮ ಆಚೆ ಬೀದಿಯವಳು, ಅಕ್ಕನ ಮನೆಯ ಅರಿಸಿನದ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದವಳು, ಹುಟ್ಟಿದಾಗಿನಿಂದ ಕೋಳಿಗಳ ನಡುವೆ ಬೆಳೆದವಳು. ಬೇಲಿಯ ಆಚೆಯಿಂದ ಕೊಟ್ಟಿಗೆಯೊಳಗೆ ಇಣುಕಿದವಳು ಅಲ್ಲೇ ಕುಕ್ಕರಿಸಿದಳು.

“ಅಯ್ಯೋ ಅಮ್ಮೋರೆ, ನಲವತ್ ಗಂಡುಸ್ರಿಗೆ ಬಾಣಂತಿ ಕೋಣೆ ಮಾಡಿಕ್ಕಿದ್ದೀರಲ್ಲ.”

ಸುದ್ದಿ ಕೇಳಿ ನಾನು ಹೋದೆ. ಅಕ್ಕ ಅಳುತ್ತಿರುತ್ತಾಳೆ, ಸಮಾಧಾನ ಮಾಡಿ, ಸಾಕು ಬಿಡಕ್ಕ ಅನ್ನಬೇಕು ಎಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳು ಒಗೆಯುವ ಕಲ್ಲಿನ ಮೇಲೆ ಕೂತು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಗು. ನನ್ನನ್ನು ನೋಡಿ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಪಾಪ, ನಿನ್ನೂ ಯಾಮಾರ್ಸ್ಬುಟ್ನಲ್ಲ ಕಣ್ಲಾ ಆ ಮಾರೋನು. ನಮ್ ಮನೇಲಿ ಯಾರ್ಗ್ ತಾನೆ ಗೊತ್ತು ಬುಡು, ಬೇಜಾರ್ ಮಾಡ್ಕಬ್ಯಾಡ,” ಅಂದಳು.

ಅವಳು ನನ್ನನ್ನು ಸಮಾಧಾನ ಮಾಡಿದಳು. ಭಾವ ಮಜ್ಜಿಗೆ ತಂದುಕೊಟ್ಟರು. ಕುಡಿದು ಬಂದೆ.

ಆ ಹುಂಜಗಳನ್ನು ಇಟ್ಟುಕೊಳ್ಳುವಂತಿರಲಿಲ್ಲ, ಒಂದನ್ನೊಂದು ಕುಕ್ಕಿ ರಕ್ತ ಮಾಡಿಕೊಳ್ಳುತ್ತಿದ್ದವು. ಮಾದಮ್ಮ ತೆರಕಣಾಂಬಿ ಸಂತೆಗೆ ಒಯ್ದು ಮಾರಿಕೊಡುತ್ತೇನೆ ಅಂದಳು. ಹುಂಜ ತುಂಬಿದ ಬಿದಿರಿನ ಮಕ್ಕರಿಗಳನ್ನು ಅಕ್ಕ ತಾನೇ ಹೊತ್ತು ತಂದು ನನ್ನ ಆಟೋಗೆ ಇಟ್ಟಳು. ನೀನು ಒಳಗೆ ಹೋಗಕ್ಕ ಅಂದರೂ ಹೋಗಲಿಲ್ಲ. “ಎಲ್ಲಿಗ್ ಓಗ್ತವೆ ಅಂತ ನಂಗೊತ್ತು. ಗೊತ್ತಿಲ್ದೋಳಂಗೆ ಆಡಕ್ಕಿಲ್ಲ,” ಅಂದಳು. ಅವತ್ತು ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ಇನ್ನು ಮೇಲೆ ಮೊಟ್ಟೆ ಮತ್ತು ಸಾಕಲು ಒಯ್ಯುವವರಿಗೆ ಮರಿ, ಇವೆರಡನ್ನೇ ಮಾರುವುದು ಎಂದು ಆಮೇಲೆ ತೀರ್ಮಾನಿಸಿದಳು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ನಿಂತಿದ್ದವನು ನಾನೊಬ್ಬನೇ.

ಸೋತವಳು ಬಿಡುತ್ತಾಳೆ ಎಂದು ನಾನು ಎಣಿಸಿದ್ದೆ. ಮರುದಿನ ಅಕ್ಕ ಎದ್ದು ಮಾದಮ್ಮನ ಮನೆಗೆ ಹೋದಳು. ನಮ್ಮ ಕಡೆಯ ಹೆಂಗಸರು ಆ ಬೀದಿಗೆ ಕೂಲಿ ಕರೆಯಲು ಹೋಗುವುದುಂಟು, ಬೀದಿಯಲ್ಲೇ ನಿಂತು ಕೂಗಿ ಬರುತ್ತಾರೆ. ಅಕ್ಕ ಮಾದಮ್ಮನ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, “ನಂಗೆ ಏನೂ ಗೊತ್ತಿಲ್ಲ ಮಾದಮ್ಮ, ನೀನ್ ಏಳ್ಕೊಡು,” ಅಂದಳಂತೆ. ಕೋಳಿ ಸಾಕಿದ್ದಕ್ಕಿಂತ ಈ ವಿಷಯವನ್ನು ಊರು ಜಾಸ್ತಿ ಆಡಿಕೊಂಡಿತು. ಆರು ತಿಂಗಳಾಗುವುದರೊಳಗೆ ಮಾದಮ್ಮ ‘ಅಮ್ಮೋರೆ’ ಬಿಟ್ಟು ‘ಅಕ್ಕ’ ಅನ್ನತೊಡಗಿದ್ದಳು. ತಪ್ಪು ಮಾಡಿದಾಗ ‘ಥೂ ನಿನ್ನ’ ಎಂದೂ ಅನ್ನುತ್ತಿದ್ದಳು.

ಅಲ್ಲಿಂದ ಅಕ್ಕ ಒಂದೊಂದೇ ತಳಿಯ ಗುಣ ಕಲಿತಳು. ನೆಂಟರ ಬಗ್ಗೆ ಮಾತಾಡುವ ಹಾಗೆ ಅವುಗಳ ಬಗ್ಗೆ ಮಾತಾಡುತ್ತಿದ್ದಳು. “ಗಿರಿರಾಜ ಅನ್ನೋದು ಮಾವನ್ ಮನೇಲಿ ಕೂತ್ ತಿನ್ನೋ ಅಳಿಯ ಇದ್ದಂಗೆ. ಮೈ ಬೆಳಿಸ್ತದೆ, ಹದ್ ಬಂದ್ರೆ ಓಡಕ್ಕಾಗಕ್ಕಿಲ್ಲ.” “ಸ್ವರ್ಣಧಾರ ಮೊಟ್ಟೆ ಇಕ್ತದೆ, ಆದ್ರೆ ಇಕ್ಬುಟ್ಟು ಎದ್ ಓಯ್ತದೆ, ಕಾವಿಗೆ ಕೂರಕ್ಕೆ ಅದ್ಕೆ ಪುರ್ಸೊತ್ತಿಲ್ಲ.” ನಾಟಿ ಕೋಳಿಯೆಂದರೆ ಅವಳಿಗೆ ಜೀವ. ಅದು ಮೊಟ್ಟೆ ಕಡಿಮೆ ಇಟ್ಟರೂ ಯಾರ ಮೊಟ್ಟೆಯನ್ನಾದರೂ ತನ್ನದೆಂದು ಕಾವು ಕೊಟ್ಟು ಮರಿ ಮಾಡುತ್ತದೆ. ಸ್ವರ್ಣಧಾರದ ಮೊಟ್ಟೆಗಳನ್ನು ನಾಟಿಯ ಹೊಟ್ಟೆಯ ಕೆಳಗೆ ಸರಿಸಿ ಇಟ್ಟು ಎರಡರ ಲಾಭವನ್ನೂ ಪಡೆದಳು.

ಕಡಕ್‌ನಾಥ್ ತಂದ ವರ್ಷದ ಕಥೆಯೇ ಬೇರೆ. ರೆಕ್ಕೆ ಕಪ್ಪು, ಕಾಲು ಕಪ್ಪು, ಬಾಯಿ ತೆರೆದರೆ ನಾಲಿಗೆಯೂ ಕಪ್ಪು. ಮೊಟ್ಟೆಯೂ ಕಪ್ಪಗಿರುತ್ತದೆ ಎಂದು ಅಕ್ಕ ಮೂರು ಬೀದಿಗೆ ಹೇಳಿಬಿಟ್ಟಿದ್ದಳು. ಮೊದಲ ಮೊಟ್ಟೆ ನೋಡಲು ಜನ ಬಂದರು. ಮಾಮೂಲಿ ತಿಳಿಗಂದು ಬಣ್ಣದ್ದು. ಅಕ್ಕ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, “ಎಮ್ಮೆ ಕಪ್ಪಗಿದ್ರೂ ಹಾಲ್ ಬೆಳ್ಳಗೇ ತಾನೆ, ನಂಗೇ ಬುದ್ಧಿ ಇಲ್ಲ,” ಎಂದು ಒಳಗೆ ಹೋದಳು.

ಮೊಟ್ಟೆಯ ಬಣ್ಣವನ್ನು ರೆಕ್ಕೆ ನೋಡಿ ಹೇಳಬಾರದು, ಕಿವಿ ನೋಡಿ ಹೇಳಬೇಕು ಎಂದು ಪಶುವೈದ್ಯರು ಆಮೇಲೆ ಹೇಳಿಕೊಟ್ಟರು. ಕಿವಿಯ ಹಾಲೆ ಬೆಳ್ಳಗಿದ್ದರೆ ಹೆಚ್ಚಾಗಿ ಬಿಳಿ ಮೊಟ್ಟೆ, ಕೆಂಪಗಿದ್ದರೆ ಕಂದು. ಅಂದಿನಿಂದ ಅಕ್ಕ ಯಾವ ಕೋಳಿ ಕಂಡರೂ ತಲೆ ಹಿಡಿದು ಕಿವಿ ನೋಡತೊಡಗಿದಳು. ಅದು ಎಷ್ಟು ಅಭ್ಯಾಸವಾಯಿತೆಂದರೆ ಮನುಷ್ಯರನ್ನೂ ಬಿಡಲಿಲ್ಲ. ನನ್ನ ಮಗಳಿಗೆ ಗೊತ್ತಾದ ಹುಡುಗ ಮನೆಗೆ ಬಂದಾಗ ಅಕ್ಕ ಅವನ ಎಡಗಿವಿಯನ್ನು ಎಷ್ಟು ಹೊತ್ತು ನೋಡಿದಳೆಂದರೆ ಅವನು ಮುಟ್ಟಿ ನೋಡಿಕೊಂಡು, “ಏನಾರ ಅಂಟಿದ್ದದಾ ಅತ್ತೆ?” ಅಂದ. ಮಗಳು ನಗು ತಡೆಯಲಾರದೆ ಒಳಗೆ ಓಡಿದಳು. ಆ ಬೀಗರೂ ಲಿಂಗ ಕಟ್ಟುವವರೇ. ಕೋಳಿಯ ಮಾತನ್ನು ಅವರು ಎತ್ತಲೇ ಇಲ್ಲ. ನಾನು ಯಾವ ಮಾತಿಗೆ ಹೆದರಿ ಅಕ್ಕನಿಗೆ ಆ ಕೆಲಸ ಮಾಡಿದ್ದೆನೋ ಆ ಮಾತು ಬರಲೇ ಇಲ್ಲ.

ಇನ್ನು ದೊಡ್ಡಪ್ಪ. ಅಕ್ಕನ ಹೊಲದ ಅರಿಸಿನ ಕೋಳಿಗೊಬ್ಬರ ತಿಂದು ಎದೆಮಟ್ಟ ಬೆಳೆದದ್ದನ್ನು ಅವರು ನೋಡಿದ್ದರು. ಒಂದು ದಿನ ಟ್ರ್ಯಾಕ್ಟರ್ ಸಮೇತ ಭೀಮನಬೀಡಿಗೆ ಬಂದರು. ಅಂಗಳದಲ್ಲಿ ಅಸೀಲ್ ಹುಂಜ ಇತ್ತು. ಜಗಳದ ಜಾತಿ ಅದು, ಉದ್ದ ಕಾಲು, ಪಟೇಲನಂತೆ ಎದೆ ಮುಂದೆ ಮಾಡಿ ನಡೆಯುತ್ತದೆ. ದೊಡ್ಡಪ್ಪ ಕೆಳಗೆ ಒಂದು ಕಾಲಿಟ್ಟರೆ ಅದು ಎರಡು ಹೆಜ್ಜೆ ಮುಂದೆ ಬರುತ್ತಿತ್ತು. ಅವರು ಟ್ರ್ಯಾಕ್ಟರಿನ ಮೇಲೆ ಕೂತೇ ಮಾತಾಡಬೇಕಾಯಿತು.

“ಒಂದ್ ಲೋಡ್ ಗೊಬ್ರ ಬೇಕಾಗಿತ್ತು ಕಣವ್ವ. ಗೊಬ್ರುಕ್ಕೇನು, ಮಡಿ ಮೈಲಿಗೆ ಇಲ್ಲ.”

“ಊಂ ದೊಡ್ಡಪ್ಪ. ಗೊಬ್ರುಕ್ಕಿಲ್ಲ, ಗೊಬ್ರ ಇಕ್ಕೋ ಕೋಳಿಗ್ ಮಾತ್ರ ಇರದು,” ಎಂದು ಅಕ್ಕ ಅಸೀಲ್ ಅನ್ನು ಮಗುವಿನಂತೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಲೋಡ್ ತುಂಬಿಸಿ, ಕಾಫಿ ಕೊಟ್ಟು ಕಳಿಸಿದಳು. ದೊಡ್ಡಪ್ಪ ಕಾಫಿ ಕುಡಿದರು.

ಇಷ್ಟು ಗೆದ್ದರೂ ಅವಳು ಹೊಸಬರಿಗೆ ಹೇಳುವ ಮೊದಲ ಕಥೆ ಮಾತ್ರ ನಲವತ್ತು ಹುಂಜಗಳದ್ದೇ. ಪ್ರತಿ ಸಲವೂ ಅದರಲ್ಲಿ ‘ಪಾಪ ನನ್ ತಮ್ಮ’ ಬರುತ್ತಿದ್ದ. ಪೇಟೆಯಲ್ಲಿ ಬೈಕಿನ ಮೇಲೆ ಮಾರುವ ಹಳದಿ ಮರಿಗಳು ಎಲ್ಲವೂ ಗಂಡು ಎಂದು ಈಗ ಅವಳಿಗೆ ಚೆನ್ನಾಗಿ ಗೊತ್ತು. ನನಗೆ ಅವತ್ತೇ ಗೊತ್ತಿತ್ತು ಎಂಬುದೊಂದೇ ಗೊತ್ತಿರಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಅವಳು ನಗುತ್ತಾ ಹೇಳುವ ಕಥೆಯನ್ನು ಕೆಡಿಸಲು ಬಾಯಿ ಬರಲಿಲ್ಲ. ಆಮೇಲೆ ನನ್ನನ್ನು ಅವಳು ಯಾವ ಮುಖದಿಂದ ನೋಡುತ್ತಾಳೋ ಎಂಬ ಭಯ.

ಹೋದ ಸಂಕ್ರಾಂತಿಯ ಆಸುಪಾಸಿನಲ್ಲಿ ಚಾಮರಾಜನಗರದಲ್ಲಿ ಹೊಸದಾಗಿ ಕೋಳಿ ಸಾಕುವ ಹೆಂಗಸರಿಗೆ ಒಂದು ದಿನದ ತರಬೇತಿ ಇತ್ತು. ಪಾಠ ಹೇಳಲು ಅಕ್ಕನನ್ನು ಕರೆದಿದ್ದರು. ಐದು ಮಕ್ಕರಿಗಳಲ್ಲಿ ಐದು ತಳಿಯ ಕೋಳಿಗಳನ್ನು ನನ್ನ ಆಟೋದಲ್ಲಿ ಹಾಕಿಕೊಂಡು ಹೋದೆವು. ಮಾದಮ್ಮನೂ ಹೊಸ ಸೀರೆ ಉಟ್ಟು ಬಂದಿದ್ದಳು. ಅಕ್ಕ ಅವಳನ್ನು, “ಇವ್ಳು ನನ್ ಗುರು,” ಎಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದಳು.

ಹಾಲ್ ಜನರಿಂದ ತುಂಬಿತ್ತು. ಅಕ್ಕನಿಗೆ ಮೈಕ್ ಹಿಡಿಯಲು ಬರುತ್ತಿರಲಿಲ್ಲ, ಮೇಜಿನ ಮೇಲೆ ಇಟ್ಟುಬಿಟ್ಟಳು. ಒಂದೊಂದೇ ಕೋಳಿಯನ್ನು ಎತ್ತಿ, ಕಿವಿ ತೋರಿಸಿ, ಕಾಲು ತೋರಿಸಿ, ರೆಕ್ಕೆ ಬಿಡಿಸಿ ಹೇಳುತ್ತಾ ಹೋದಳು. ಕಾಲೇಜು ಓದಿದ ಹುಡುಗಿಯರೂ ಬರೆದುಕೊಳ್ಳುತ್ತಿದ್ದರು. ಮೊಟ್ಟೆಯ ಹೆಸರು ಎತ್ತದ ಮನೆಯ ಹೆಣ್ಣುಮಗಳು, ನನ್ನಷ್ಟೂ ಓದದವಳು, ಅಷ್ಟು ಜನರ ಮುಂದೆ ನಿಂತಿದ್ದಾಳೆ. ನನಗೆ ಎದೆ ಉಬ್ಬಿ ಬಂತು.

ಕೊನೆಯಲ್ಲಿ ಒಬ್ಬ ಹುಡುಗಿ, “ಮೊದ್ಲು ಮೊದ್ಲು ನಿಮ್ಗೂ ಮೋಸ ಆಗಿತ್ತಾ ಅಕ್ಕ?” ಎಂದು ಕೇಳಿದಳು.

“ಆಗ್ದೇ ಇರ್ತದಾ ಕಣಮ್ಮಿ,” ಎಂದು ಅಕ್ಕ ನಲವತ್ತು ಹುಂಜಗಳ ಕಥೆ ಹೇಳಿದಳು. ಕೂತವರೆಲ್ಲ ನಕ್ಕರು. “ಅಗೋ, ಬಾಗ್ಲತ್ರ ಮಕ್ಕರಿ ಇಡ್ಕಂಡ್ ನಿಂತವ್ನಲ್ಲ, ಪಾಪ, ಅವ್ನೇ ನನ್ ತಮ್ಮ. ಮಾರೋನು ಇವುನ್ಗೆ ಸುಳ್ಳೇಳಿ ಕಳಿಸ್ಬುಟ್ಟ. ಆ ಬೈಕ್ನೋರ್ ಮಾತ ಮಾತ್ರ ನಂಬ್ಬ್ಯಾಡಿ.”

ಎದುರಿನ ಹುಡುಗಿ ಅದನ್ನೂ ಬರೆದುಕೊಂಡಳು. ಅವಳ ಪೆನ್ನು ಓಡುವುದನ್ನು ನೋಡುತ್ತಾ ನಿಂತೆ. ಆ ಮನುಷ್ಯ ನನ್ನ ಮುಖ ನೋಡಿ ನಿಜ ಹೇಳಿದ್ದ. ನನ್ನ ದೆಸೆಯಿಂದ ಅಕ್ಕ ಇಷ್ಟು ಜನಕ್ಕೆ ಸುಳ್ಳು ಪಾಠ ಹೇಳುವ ಹಾಗಾಯಿತು. ಅವತ್ತು ಅವಳು ಹೇಳಿದ್ದರಲ್ಲಿ ಸುಳ್ಳೆಂದರೆ ಅದೊಂದೇ.

“ಇಲ್ಲ ಕಣಕ್ಕ,” ಅಂದೆ. ಸ್ವರ ನನಗೇ ಸರಿಯಾಗಿ ಕೇಳಲಿಲ್ಲ. “ಅವ್ನ್ ಏಳಿದ್ದ.”

“ಏನ್ಲಾ ಅಂದೆ?”

“ಎಲ್ಲಾ ಗಂಡು ಅಂತ ಅವ್ನು ಏಳಿದ್ದ. ನಾನೇ ನಿಂಗ್ ಏಳ್ನಿಲ್ಲ.”

ಅಕ್ಕನ ಕೈಯಲ್ಲಿ ನಾಟಿ ಹೇಂಟೆ ಇತ್ತು. ಅದರ ಬೆನ್ನು ಸವರುತ್ತಿದ್ದ ಬೆರಳುಗಳು ನಿಂತವು. ಮಾದಮ್ಮ ತಿರುಗಿ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಅಕ್ಕ ನನ್ನನ್ನೇ ನೋಡುತ್ತಾ ಕೋಳಿಯನ್ನು ಎಡಗೈಗೆ ಬದಲಾಯಿಸಿ, ಮೇಜಿನ ಮೇಲಿದ್ದ ಮೈಕನ್ನು ಎತ್ತಿ ನನ್ನ ಕಡೆ ಚಾಚಿದಳು.

“ಮುಂದ್ಕ್ ಬಾ. ಇವ್ರೆಲ್ಲಾ ಬರ್ಕತಾವ್ರೆ. ಜೋರಾಗ್ ಏಳು, ಇಂದ್ಗಡೆ ಕೂತಿರೋರ್ಗೂ ಕೇಳ್ಲಿ.”

ನಾನು ಮಕ್ಕರಿ ಕೆಳಗಿಟ್ಟು ಸಾಲುಗಳ ನಡುವೆ ನಡೆದು ಹೋಗಿ ಮೈಕ್ ಹಿಡಿದೆ.

“ನಮ್ಮಕ್ಕುಂಗೆ ಮೋಸ ಮಾಡಿದ್ದು ಮಾರೋನಲ್ಲ, ನಾನು. ಗಂಡು ಅಂತ ಗೊತ್ತಿದ್ದೇ ತಂದ್ಕೊಟ್ಟೆ. ಇವ್ಳು ಸೋತ್ರೆ ನಂಗ್ ಮರ್ವಾದೆ ಉಳೀತದೆ ಅಂದ್ಕಂಡಿದ್ದೆ. ಇವ್ಳು ಸೋಲ್ನಿಲ್ಲ. ತಪ್ಪಾಯ್ತು ಕಣಕ್ಕ. ತಂದ್ಕೊಟ್ಟಿದ್ದೂ ತಪ್ಪು, ನೀನ್ ನನ್ನ ‘ಪಾಪ’ ಅನ್ನೋವಾಗೆಲ್ಲ ಬಾಯ್ ಮುಚ್ಕಂಡ್ ನಿಂತಿದ್ದದ್ದು ಅದ್ಕಿಂತ ದೊಡ್ ತಪ್ಪು. ನನ್ನ ಕ್ಷಮಿಸ್ಬುಡಕ್ಕ.”